ನಮ್ಮದು ನಾವು ತಂದೀವ್ರಿ

ನಮ್ಮ ಮನೆಗೆ ಟೀವಿ ಬಂದ ದಿನ ಮೊದಲು ಬೀದಿಗೆ ಬೀಳಬೇಕಾಗಿದ್ದದ್ದು ನನ್ನ ರೊಟ್ಟಿ ಡಬ್ಬಿ. ಪಡಸಾಲೆಯ ಗೂಡಿನಲ್ಲಿ ಅದು ವರ್ಷಗಟ್ಟಲೆ ಕೂತಿತ್ತು, ಟೀವಿಗೂ ಅದೇ ಗೂಡು ಬೇಕಾಯಿತು. ನಮ್ಮ ಮನೆಯವರು ನನ್ನ ಹೊಲಿಗೆಯ ಟೇಪನ್ನೇ ಹಿಡಿದು ಗೂಡನ್ನು ಉದ್ದಕ್ಕೂ ಅಗಲಕ್ಕೂ ಅಳೆದು, "ಈ ಡಬ್ಬಿ ಮೋಡಕಾದಾಂವಗ ಹಾಕಿಬಿಡು. ಹಳೇ ಸಾಮಾನಕ್ಕ ಪ್ಲಾಸ್ಟಿಕ್ ಬಕೆಟ್ ಕೊಡಾಕತ್ತಾನ" ಎಂದರು. ಮೋಡಕಾದವನು ಅಂದರೆ ನಮ್ಮ ಬೆಳಗಾವಿಯಲ್ಲಿ ಹಳೆಯ ತಗಡು, ರದ್ದಿ, ಮುರುಕು ಸಾಮಾನು ಕೊಳ್ಳುವವನು. ಅವನು ಆಗಲೇ ಬಾಗಿಲಲ್ಲಿ ನಿಂತು, ಡಬ್ಬಿಯ ಹೊಟ್ಟೆಗೆ ಬೆರಳಿನಿಂದ ಬಾರಿಸಿ, "ತಗಡ ಭಾರೀ ಐತ್ರಿ ಬಾಯಾರ, ದೊಡ್ಡ ಬಕೆಟ್ಟೇ ಕೊಡ್ತೀನಿ" ಎಂದು ಆಸೆ ತೋರಿಸುತ್ತಿದ್ದ. ನಾನು ಒಲೆಯ ಮುಂದಿನಿಂದ ಎದ್ದು ಬಂದು ಡಬ್ಬಿ ಕಸಿದುಕೊಂಡೆ. ಬಕೆಟ್ಟಿನ ಬಣ್ಣ ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಡಬ್ಬಿ ನೋಡಲಿಕ್ಕೆ ಅಂಥ ಚೆಂದವೇನಿಲ್ಲ. ಹಿಂದೆ ಯಾವುದೋ ಬೇಕರಿಯಲ್ಲಿ ಖಾರಿ ಬಿಸ್ಕತ್ತು ತುಂಬಿಡುತ್ತಿದ್ದ ಚೌಕದ ತಗಡಿನ ಡಬ್ಬಿ, ಮೇಲೊಂದು ಹಿಡಿಕೆ, ಒಂದು ಮೂಲೆ ಚಪ್ಪಟೆ. ಮುಚ್ಚಳ ತೆಗೆಯುವುದಕ್ಕೆ ಎರಡು ಕೈ ಸಾಲದೆ ಮೊಣಕಾಲನ್ನೂ ಕರೆಯಬೇಕು. ಆ ಮುಚ್ಚಳದ ಮೇಲೆ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ 'ಗಂಗಕ್ಕ' ಎಂದು ಹೊಡೆದಿದೆ. ನನ್ನ ಹೆಸರು ಸರೋಜಾ. ಹಾಗಾದರೆ ಗಂಗಕ್ಕನ ಡಬ್ಬಿ ನಿನ್ನ ಮನೆಗೆ ಹೇಗೆ ಬಂತು ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ನಮ್ಮ ಕಡೆ ಮದುವೆ ಮನೆಗಳಲ್ಲಿ ತಾಟು ಬಟ್ಟಲು ಅದಲುಬದಲಾಗಿ ಬೀಗರು ಬೀಗರೇ ಮಾತು ಬಿಟ್ಟ ಉದಾಹರಣೆಗಳಿವೆ. ಇದು ಹಾಗೆ ಬಂದದ್ದಲ್ಲ, ಕೊಟ್ಟದ್ದು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನಾಗ ಹುಡುಗಿಯರ ಸಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಮದುವೆ ಆಗಿರಲಿಲ್ಲ. ಶಿವಬಸವ ನಗರದಲ್ಲಿ ಅವ್ವನ ಜೊತೆ ಇದ್ದೆ. ಎರಡು ಮನೆ ಆಚೆ ಗಂಗಕ್ಕನ ಮನೆ. ಗಂಗಕ್ಕ ಬೀಡಿ ಎಂಬ ಊರಿನ ಒಕ್ಕಲುತನದ ಮನೆಯ ಮಗಳು, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಬೆಳಗಾವಿಗೆ ಬಂದು ಬಾಲವಾಡಿ ನಡೆಸುತ್ತಿದ್ದಳು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಮೈಮೇಲೆ ಮಾಸಿದ ಬಣ್ಣದ ಇಳಕಲ್ ಸೀರೆ, ಬಾಯಲ್ಲಿ ಯಾವಾಗಲೂ ಯಾರಿಗಾದರೂ ಒಂದು ಆಜ್ಞೆ. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಗಕ್ಕನ ಗಂಜಿ ಬರುತ್ತಿತ್ತು, ಯಾರ ಮನೆಯಲ್ಲಿ ಬಾಣಂತನವಾದರೂ ಗಂಗಕ್ಕ ನಿಂತಿರುತ್ತಿದ್ದಳು. ಆದರೆ ಆಕೆ ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿದದ್ದನ್ನು ನಾನು ಕಂಡಿರಲಿಲ್ಲ. ನಮ್ಮವ್ವ ಶ್ರಾವಣದಲ್ಲಿ ಹೋಳಿಗೆ ಕೊಟ್ಟರೆ, "ಇಡು ಇಡು, ಆಮ್ಯಾಲ ತಿಂತೀನಿ" ಎಂದು ತೆಗೆದುಕೊಂಡು ಬಾಲವಾಡಿಯ ಮಕ್ಕಳಿಗೆ ಹಂಚಿಬಿಡುತ್ತಿದ್ದಳು. ಅವ್ವನಿಗೆ ಅದು ಗೊತ್ತಾಗಿ ಒಂದು ವಾರ ಮುಖ ದಪ್ಪ ಮಾಡಿಕೊಂಡಿದ್ದಳು.

ಈ ಗಂಗಕ್ಕನಿಗೆ ಖಾನಾಪುರದ ಆಚೆ, ಅಡವಿಯ ಒಳಗೆ, ಗೌಳಿಗರ ವಾಡೆ, ಅಂದರೆ ಗುಡಿಸಲುಗಳ ಕೇರಿ, ಒಂದಿದೆ ಎಂದು ಯಾರೋ ಹೇಳಿದರು. ಗೌಳಿಗರು ಎಮ್ಮೆ ಕಟ್ಟಿಕೊಂಡು ಬದುಕುವವರು. ಅಡವಿಯಲ್ಲಿ ಮೇಯಿಸಿ, ಬೆಣ್ಣೆ ತೆಗೆದು, ತಲೆಯ ಮೇಲೆ ಹೊತ್ತು ಖಾನಾಪುರದ ಪೇಟೆಗೆ ತಂದು ಮಾರುತ್ತಾರೆ. ಅಲ್ಲಿ ದವಾಖಾನೆ ಇಲ್ಲ, ಸಾಲೆಯ ಕೋಣೆ ಇದೆ, ಮಾಸ್ತರ ಇಲ್ಲ ಎಂದು ಕೇಳಿದ್ದೇ ತಡ, ಗಂಗಕ್ಕ ನಮ್ಮ ಓಣಿಯ ಹೆಂಗಸರ ಬಳಗವನ್ನು ಕೂಡಿಸಿದಳು. ಸಂಕ್ರಾಂತಿ ಮುಗಿಸಿ ಒಂದು ಎಂಟು ದಿನ ಹೋಗಿ ಸೇವೆ ಮಾಡಿ ಬರುವುದು. ಹೊಲಿಗೆಗೆ ನಾನು, ಔಷಧಕ್ಕೆ ನರ್ಸ್ ಕುಸುಮಾ, ಆಜ್ಞೆಗೆ ಗಂಗಕ್ಕ.

ಹೊರಡುವ ಮುಂಚೆ ಬಸ್ ಸ್ಟ್ಯಾಂಡಿನಲ್ಲಿಯೇ ಗಂಗಕ್ಕ ನಮಗೆ ಕಟ್ಟಳೆ ಹಾಕಿದಳು. "ನೋಡ್ರವಾ, ನಾವು ಕೊಡಾಕ ಹೊಂಟೀವಿ, ತಗೊಳ್ಳಾಕ ಅಲ್ಲ. ಅವರು ಬಡವರು. ಅವರ ಮನ್ಯಾಗಿಂದು ಒಂದು ಹನಿ ಸೈತ ನಮ್ಮ ಬಾಯಿಗೆ ಬೀಳಬಾರದು. ಯಾರರ ಏನರ ಕೊಡಾಕ ಬಂದ್ರ, ನಮ್ಮದು ನಾವು ತಂದೀವ್ರಿ ಅನ್ನೂದು. ತಿಳೀತ?"

ತಿಳಿಯಿತು. ತಿಳಿಯದೆ ಏನು, ಆ ಡಬ್ಬಿ ನನ್ನ ತೊಡೆಯ ಮೇಲೇ ಇತ್ತು. ಅದರ ತುಂಬ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ. ಖಾನಾಪುರದವರೆಗೆ ಬಸ್ಸು, ಅಲ್ಲಿಂದ ಮುಂದೆ ಕಟ್ಟಿಗೆ ತುಂಬುವುದಕ್ಕೆ ಹೋಗುವ ಲಾರಿ. ಹಾಸಲಿಕ್ಕೆ ಒಂದು ದಪ್ಪ ಜಮಖಾನೆ ಇತ್ತು. ಹಿಂಡಲಗಾ ಜೈಲಿನಲ್ಲಿ ನೇಯ್ದದ್ದೆಂದು ಅಂಗಡಿಯವನು ಹೇಳಿ ಮಾರಿದ್ದ. ಲಾರಿಯಲ್ಲಿ ಅದರ ಮೇಲೆ ಕೂತು, ಕುಲುಕಾಟಕ್ಕೆ ಒಬ್ಬರ ಮೇಲೊಬ್ಬರು ಬೀಳುತ್ತ, ನಮ್ಮಂಥ ತ್ಯಾಗಿಗಳು ಇಡೀ ಜಿಲ್ಲೆಯಲ್ಲಿ ಇಲ್ಲವೆಂದುಕೊಂಡು ನಾವು ವಾಡೆ ಮುಟ್ಟಿದೆವು.

ನಾವು ಮಾಡಿದ ಸೇವೆಯನ್ನು ಈಗ ನೆನೆದರೆ ನಗು ಬರುತ್ತದೆ. ಕುಸುಮಾ ಎಲ್ಲಿಂದಲೋ ತಂದ ಬಣ್ಣದ ಚಿತ್ರವನ್ನು ಸಾಲೆಯ ಗೋಡೆಗೆ ಅಂಟಿಸಿದಳು. ಒಂದು ಗುಂಡು ಗುಂಡು ಮಗು ಲೋಟ ಹಿಡಿದಿದೆ, ಕೆಳಗೆ 'ದಿನಾಲೂ ಹಾಲು ಕುಡಿಯಿರಿ' ಎಂದು ಬರೆದಿದೆ. ಎಮ್ಮೆಯ ಹೊಟ್ಟೆಯ ಕೆಳಗೇ ಬೆಳೆದ ಗೌಳಿಗರು ಆ ಚಿತ್ರದ ಮುಂದೆ ಸಾಲಾಗಿ ಕೂತು, ಅಲ್ಲಿಯವರೆಗೆ ತಮಗೆ ಹೊಳೆದೇ ಇರಲಿಲ್ಲವೆನ್ನುವಂತೆ ಮರ್ಯಾದೆಯಿಂದ ತಲೆದೂಗಿದರು. ನನ್ನದು ಇನ್ನೂ ಅಧ್ವಾನ. ಬೆಳಗಾವಿಯ ಹುಡುಗಿಯರ ಅಳತೆಗೆ ಕತ್ತರಿಸಿದ ಜಂಪರುಗಳನ್ನು ಒಯ್ದಿದ್ದೆ. ಅಡವಿಯ ಸಣಕಲು ಮಕ್ಕಳು ಅವುಗಳೊಳಗೆ ಹೊಕ್ಕರೆ ಹುಡುಕಿ ತೆಗೆಯಬೇಕಾಗುತ್ತಿತ್ತು.

ಆದರೆ ಕಟ್ಟಳೆ ಮಾತ್ರ ನಾವು ಮುರಿಯಲಿಲ್ಲ. ಯಾವ ಗುಡಿಸಲಿನ ಮುಂದೆ ಹೋದರೂ ಒಂದು ಹೆಂಗಸು ಗಡಿಗೆ ಬಗ್ಗಿಸಿ ಬಟ್ಟಲು ತುಂಬ ಮಜ್ಜಿಗೆ ಹಿಡಿದು ಬರುತ್ತಿದ್ದಳು. ಮೇಲೆ ಬೆಣ್ಣೆಯ ಹರಳು ತೇಲುತ್ತಿರುತ್ತಿತ್ತು. ನಾನು ಅದನ್ನು ಕಣ್ಣು ತುಂಬ ನೋಡಿ, ಉಗುಳು ನುಂಗಿ, "ನಮ್ಮದು ನಾವು ತಂದೀವ್ರಿ" ಎನ್ನುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಹಟ ಹಿಡಿದು ಕೊಟ್ಟವಳು ಭಾಗೂಬಾಯಿ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಒಬ್ಬಳೇ ಇದ್ದಳು. ಬೆಣ್ಣೆ ಮಾರಲು ಖಾನಾಪುರಕ್ಕೆ ಓಡಾಡಿ ಓಡಾಡಿ ಕನ್ನಡ ಚೆನ್ನಾಗಿ ಆಡುತ್ತಿದ್ದಳು. ಅವಳಿಗಿದ್ದದ್ದು ಒಂದೇ ಎಮ್ಮೆ. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದದ್ದಕ್ಕೆ ಅದರ ಹೆಸರು ಚಾಂದಿ. ಆಗಷ್ಟೇ ಕರು ಹಾಕಿತ್ತು. "ಎಮ್ಮಿ ಈದ ಮನಿ ಐತಿ ಅಕ್ಕಾ, ಹಂಗ ಹೋಗಬ್ಯಾಡ್ರಿ, ತುಟಿಗರ ಹಚ್ಚಿ ಹೋಗ್ರಿ" ಎಂದು ದಿನಾ ನಮ್ಮ ಹಿಂದೆ ಬರುತ್ತಿದ್ದಳು. ಗಂಗಕ್ಕ ದಿನಾ ನಕ್ಕು, ದಿನಾ ಅದೇ ಉತ್ತರ ಕೊಟ್ಟಳು. ಎಂಟು ದಿನ ಮುಗಿದು ನಾವು ಲಾರಿ ಹತ್ತುವಾಗ ಕಳಿಸಲು ಯಾರೂ ಬರಲಿಲ್ಲ. ಎರಡು ನಾಯಿ ಬಂದಿದ್ದವು. ನಾಚಿಕೆ ಪಾಪ, ಎಂದಳು ಕುಸುಮಾ. ನಾನೂ ಹೌದೆಂದೆ.

ಮರುವರ್ಷ ಮತ್ತೆ ಹೋದೆವು. ವರ್ಷವಿಡೀ ನಾನು ಆ ವಾಡೆಯ ಮಾತನ್ನು ಎಷ್ಟು ಆಡಿದ್ದೆನೆಂದರೆ ಸಾಲೆಯ ಸ್ಟಾಫ್ ರೂಮಿನಲ್ಲಿ ನಾನು ಬಾಯಿ ತೆರೆದ ಕೂಡಲೇ ಜನ ಗಡಿಯಾರ ನೋಡುತ್ತಿದ್ದರು. ಈ ಸಲ ಅಲ್ಲಿಯ ಮಕ್ಕಳ ಅಳತೆಗೇ ಹೊಲಿದ ಅಂಗಿಗಳಿದ್ದವು. ಲಾರಿ ಇಳಿದಾಗ ಮಕ್ಕಳು ಕೂಗುತ್ತ ಓಡಿಬರುತ್ತಾರೆಂದು ಎದುರು ನೋಡಿದೆ. ಯಾರೂ ಬರಲಿಲ್ಲ. ಒಂದು ಗುಡಿಸಲಿನ ಮುಂದೆ ಎಮ್ಮೆಯ ಕರುವೊಂದು ಚಳಿಗೆ ಜಂಪರು ತೊಟ್ಟು ನಿಂತಿತ್ತು. ಹೂವಿನ ಚೀಟಿ ಬಟ್ಟೆ, ಉಬ್ಬು ತೋಳು. ನನ್ನದೇ ಹೊಲಿಗೆ. ಅದಕ್ಕೆ ಮಾತ್ರ ಅಳತೆ ಸರಿಯಾಗಿ ಕೂತಿತ್ತು.

ಸಾಲೆಯ ಕೋಣೆ ಗುಡಿಸಿ ಕೂತದ್ದೇ ವಾಡೆಯ ಹಿರಿಯ ಧೋಂಡುಮಾಮಾ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ಕುಕ್ಕರುಗಾಲಲ್ಲಿ ಕೂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಅಕ್ಕಾರ, ಸಿಟ್ಟ ಆಗಬ್ಯಾಡ್ರಿ. ಈ ಸಲ ನೀವು ಖಾನಾಪುರಕ್ಕ ಹೊಳ್ಳಿ ಹೋಗ್ರಿ."

"ಯಾಕ? ಏನಾತು?" ಎಂದಳು ಗಂಗಕ್ಕ.

ಆದದ್ದು ಇಷ್ಟು. ಹೋದ ವರ್ಷ ನಾವು ಹೊರಟುಹೋದ ತಿಂಗಳೊಳಗೆ ಭಾಗೂಬಾಯಿಯ ಚಾಂದಿಯ ಕರು ಸತ್ತುಹೋಗಿತ್ತು. ಕರು ಹೋದ ಮೇಲೆ ಚಾಂದಿ ಹಾಲು ಬಿಗಿಹಿಡಿಯಿತು, ಆಮೇಲೆ ಬತ್ತಿಸಿಯೇ ಬಿಟ್ಟಿತು. ಭಾಗೂಬಾಯಿ ವರ್ಷವಿಡೀ ಬೇರೆಯವರ ಎಮ್ಮೆ ಮೇಯಿಸಿ ಹೊಟ್ಟೆ ಹೊರೆದಳು. ಗೌಳಿಗರಲ್ಲಿ ಒಂದು ನಂಬಿಕೆಯಿದೆ. ಎಮ್ಮೆ ಈದ ಮನೆಗೆ ಬಂದವರು ಹಾಲೋ ಮಜ್ಜಿಗೆಯೋ ತುಟಿಗೆ ಹಚ್ಚದೆ ಒಣಬಾಯಲ್ಲಿ ಹೊರಳಿದರೆ, ಅವರ ಬೆನ್ನ ಹಿಂದೆಯೇ ಮನೆಯ ಹಾಲೂ ಹೊರಟುಹೋಗುತ್ತದೆ. ನಾವು ಒಣಬಾಯಲ್ಲಿ ಹೋದವರು. ಈಗ ಚಾಂದಿ ಮತ್ತೆ ತುಂಬಿದ ದಿನಗಳಲ್ಲಿದೆ, ಇಂದೋ ನಾಳೆಯೋ ಈಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಾವು ಬಂದಿಳಿದಿದ್ದೇವೆ, ಅದೂ ಡಬ್ಬಿ ಸಮೇತ.

ಕುಸುಮಾಗೆ ತಡೆಯಲಾಗಲಿಲ್ಲ. "ಕರು ಸಾಯೂದಕ್ಕೂ ನಾವು ಮಜ್ಜಿಗಿ ಕುಡೀದದ್ದಕ್ಕೂ ಏನ ಸಂಬಂಧ ಮಾಮಾ? ಕರುವಿಗೆ ರೋಗ ಬಂದಿರತೈತಿ."

"ಸಂಬಂಧ ಇರಲಿ, ಬಿಡಲಿ ಬಾಯಾರ. ಆಕಿ ಎದ್ಯಾಗ ಹೊಕ್ಕೈತಿ" ಎಂದ ಧೋಂಡುಮಾಮಾ. ಆಮೇಲೆ ನೆಲ ನೋಡುತ್ತ, "ನಾವು ಹೊಲಸ ಮಂದಿ ಅಂತ ಕುಡೀಲಿಲ್ಲೇನ್ರಿ ನೀವು?" ಎಂದು ಕೇಳಿದ.

ಆ ಮಾತಿಗೆ ನನ್ನ ಮೈ ಜುಮ್ಮೆಂದಿತು. ನಾವು ದೊಡ್ಡ ಗುಣವೆಂದುಕೊಂಡು ಆಡಿದ ಮಾತು ಅವರಿಗೆ ಹೀಗೆ ಕೇಳಿಸಿತ್ತು. ಗಂಗಕ್ಕ ಬೆಳ್ಳಗಾದಳು. "ಶಿವ ಶಿವಾ, ಅದಲ್ಲೋ ಯಪ್ಪಾ, ಅದಲ್ಲ" ಎಂದಳು.

ನನಗೋ ಇದು ಬಲು ಸುಲಭದ ಸಮಸ್ಯೆ ಎನಿಸಿತು. ಕುಡಿದುಬಿಟ್ಟರೆ ಮುಗಿಯಿತಲ್ಲ! ಒಂದು ವರ್ಷದಿಂದ ಆ ಬೆಣ್ಣೆಯ ಹರಳು ನನ್ನ ಕಣ್ಣ ಮುಂದೆ ತೇಲುತ್ತಲೇ ಇತ್ತು. "ಈಗಿಂದೀಗ ಕುಡೀತೀನಿ ಮಾಮಾ, ತರಾಕ ಹೇಳ್ರಿ" ಎಂದೆ. ಧೋಂಡುಮಾಮಾ ತಲೆಯಾಡಿಸಿದ. ನಾವು ಮೂವರೂ ಒಂದು ಸೂರಿನ ಕೆಳಗೆ ಇಳಿದವರು, ಅವರ ಲೆಕ್ಕಕ್ಕೆ ಒಂದು ಮನೆ. ಮನೆಯ ಹಿರಿಯಳು ಮೊದಲು ಕುಡಿಯಬೇಕು, ಆಮೇಲೆ ಉಳಿದವರು. ಹಿರಿಯಳು ಗಂಗಕ್ಕ. ನಾನೂ ಕುಸುಮಾಳೂ ಗಂಗಕ್ಕನ ಮುಖ ನೋಡಿದೆವು. ಆಕೆ ಎದ್ದು, ಹಗ್ಗದ ಮೇಲಿದ್ದ ಸೀರೆ ಎಳೆದುಕೊಂಡು, ಒಗೆಯಲು ಹಳ್ಳಕ್ಕೆ ಹೊರಟುಹೋದಳು. ಆ ಸೀರೆ ಒಗೆದದ್ದೇ ಇತ್ತು.

ಕಟ್ಟಿಗೆ ಲಾರಿ ಮತ್ತೆ ಬರುವುದು ಎರಡು ದಿನ ಬಿಟ್ಟು. ಅಲ್ಲಿಯವರೆಗೆ ಹೋಗೆಂದರೂ ಹೋಗುವ ಹಾಗಿಲ್ಲ. ಆ ರಾತ್ರಿ ನಮ್ಮದನ್ನು ನಾವೇ ಉಂಡೆವು. ಅಡವಿಯ ಇಬ್ಬನಿಗೆ ಕಟಕ ರೊಟ್ಟಿ ತನ್ನ ಕಟಕತನವನ್ನೆಲ್ಲ ಬಿಟ್ಟು ಅರಿವೆಯಾಗಿತ್ತು. ಹೊಲಿಗೆಯವಳಾದ ನನಗೆ ಅಂಚು ಮಡಚಿ ಹೊಲಿಯಬಹುದಿತ್ತು ಎನಿಸಿತು. ಆದರೆ ಯಾರಿಗೂ ನಗು ಬೇಕಿರಲಿಲ್ಲ, ನಾನೂ ಹೇಳಲಿಲ್ಲ.

ಮರುದಿನ ಹಳ್ಳದ ದಂಡೆಯಲ್ಲಿ ಗಂಗಕ್ಕ ತಾನಾಗಿಯೇ ಮಾತು ತೆಗೆದಳು. ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಅವರು ಹೋದ ಮ್ಯಾಲ ಒಂದು ವರ್ಷ ಮೈದುನನ ಮನ್ಯಾಗ ಇದ್ದೆ ಸರೋಜಾ. ನೆಗೆಣ್ಣಿ ಬಾಯಿಬಿಟ್ಟು ಏನೂ ಅಂತಿದ್ದಿಲ್ಲ. ನಾ ರೊಟ್ಟಿ ಮುರಿಯೂ ಮುಂದ ನನ್ನ ಕೈ ನೋಡತಿದ್ಲು. ಬರೇ ಕೈ. ಮುರದ ತುತ್ತು ಬಾಯಿಗೆ ಹೋಗೂತನಾ ನೋಡತಿದ್ಲು. ಒಂದಿನ ತಾಟ ಬಿಟ್ಟು ಎದ್ದು ಬಂದೆ. ಅವತ್ತಿಂದ ಯಾರ ಮನಿದೂ ಗಂಟಲದಾಗ ಇಳಿಯಂಗಿಲ್ಲವಾ. ನಿಮ್ಮವ್ವನ ಹೋಳಿಗಿ ಸೈತ. ಬಾಯಾಗ ಇಟ್ಟೆ ಅಂದ್ರ ಆಕಿ ಕಣ್ಣು ಕಾಣತಾವು."

ನಾನು ಹಿಂಡಿದ ಟವೆಲ್ಲನ್ನೇ ಮತ್ತೆ ಹಿಂಡುತ್ತ ನಿಂತೆ. ಇಷ್ಟು ವರ್ಷ ಆಕೆಯದನ್ನು ಹಟವೆಂದುಕೊಂಡಿದ್ದೆ. ಈಗ ಅಳು ಬಂತು. ಗಂಗಕ್ಕ ಅದನ್ನು ನೋಡಿ, "ಅಳಬ್ಯಾಡ, ಸಾಬಾಣ ನೀರಾಗ ಹೋಗಾಕತ್ತೈತಿ ನೋಡು" ಎಂದಳು.

ಸಾಬೂನು ಹಿಡಿದು ನಾವು ಮೇಲೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ವಾಡೆ ಖಾಲಿ. ಎಮ್ಮೆ ಹೊಡೆದುಕೊಂಡು ಗಂಡಸರು ಹೆಂಗಸರು ಎಲ್ಲ ಅಡವಿಯೊಳಗೆ ಹೋಗಿದ್ದರು. ಕುಸುಮಾ ಕಣ್ಣಿಗೆ ಹಾಕುವ ಔಷಧ ಹಿಡಿದು ಆಚೆ ದಡದ ಗುಡಿಸಲುಗಳಿಗೆ ಹೋಗಿದ್ದಳು. ಭಾಗೂಬಾಯಿಯ ಕೊಟ್ಟಿಗೆಯಿಂದ ಎಮ್ಮೆ ಒದರುವುದು ಕೇಳಿಸಿತು. ನನಗೆ ಎಮ್ಮೆಯ ಕೂಗುಗಳೆಲ್ಲ ಒಂದೇ. ಬೀಡಿಯ ಒಕ್ಕಲಿಗರ ಮಗಳಿಗೆ ಹಾಗಲ್ಲ. ಗಂಗಕ್ಕ ಒದ್ದೆ ಬಟ್ಟೆಯ ಬುಟ್ಟಿಯನ್ನು ನನ್ನ ಕೈಗೆ ತುರುಕಿ ಕೊಟ್ಟಿಗೆಯ ಕಡೆ ನಡೆದಳು, ನಡೆದವಳು ಓಡಿದಳು. ನಾನು ಬುಟ್ಟಿ ಸಮೇತ ಹಿಂದೆ.

ಚಾಂದಿ ಮಲಗಿತ್ತು. ಭಾಗೂಬಾಯಿ ಅದರ ಹಿಂದೆ ಕೂತು, ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು, ಹೊರಗೆ ಬಂದ ಕರುವಿನ ಎರಡು ಗೊರಸು ಹಿಡಿದು ಒಬ್ಬಳೇ ಜಗ್ಗುತ್ತಿದ್ದಳು. ಕೈ ಜಾರುತ್ತಿತ್ತು. ಮುಖದ ತುಂಬ ಬೆವರು. ನಮ್ಮನ್ನು ಕಂಡವಳೇ ಚೀರಿದಳು.

"ಬರಬ್ಯಾಡ! ಒಣಬಾಯಾಕಿ ನನ್ನ ಎಮ್ಮಿ ಹತ್ರ ಬರಬ್ಯಾಡ!"

ಗಂಗಕ್ಕ ಅಲ್ಲೇ ನಿಂತಳು. "ಒಬ್ಬಾಕಿ ಕೈಲೆ ಆಗೂದಲ್ಲ ಇದು. ತೆಲಿ ಸಿಕ್ಕೈತಿ. ಜಗ್ಗಾಕ ಇನ್ನೊಂದು ಕೈ ಬೇಕು."

"ನಕೋ, ನಕೋ. ಸತ್ರ ಸಾಯ್ಲಿ. ನೀ ಹೋಗು."

ಚಾಂದಿ ಮತ್ತೆ ಒದರಿತು. ಈ ಸಲದ ಕೂಗು ನನಗೂ ಅರ್ಥವಾಯಿತು. ಭಾಗೂಬಾಯಿ ಗೊರಸು ಬಿಡಲಿಲ್ಲ. ಆದರೆ ತುಟಿ ಅದುರುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಆ ಎಮ್ಮೆ ಹೋದರೆ ಅವಳಿಗೆ ಏನೂ ಉಳಿಯುತ್ತಿರಲಿಲ್ಲ. ಅವಳು ಗಂಗಕ್ಕನ ಕೈಗಳನ್ನು ನೋಡಿದಳು, ಒಕ್ಕಲುತನದ ಅಗಲ ಕೈಗಳನ್ನು. ಆಮೇಲೆ ಗದ್ದದಿಂದ ಮೂಲೆಯ ಗಡಿಗೆ ತೋರಿಸಿದಳು.

"ಹಂಗಾರ ಕುಡಿ. ಕುಡದು ಕೈ ಹಚ್ಚು."

ಬೇರೆ ಯಾರದೋ ಎಮ್ಮೆಯ ಮಜ್ಜಿಗೆ ಅದು, ಮೇಯಿಸಿದ್ದಕ್ಕೆ ಅವಳಿಗೆ ಸಿಕ್ಕದ್ದು. ಗಂಗಕ್ಕ ಗಡಿಗೆಯ ಮುಂದೆ ಒಂದು ಗಳಿಗೆ ನಿಂತಳು. ನಾನು ಒದ್ದೆ ಬಟ್ಟೆ ಹಿಡಿದು ಉಸಿರು ಬಿಗಿಹಿಡಿದಿದ್ದೆ. ಕುಡಿ ಗಂಗಕ್ಕ, ಕುಡಿಯೇ ಮಾರಾಯ್ತಿ ಎಂದು ಮನಸ್ಸಿನಲ್ಲೇ ಒದರುತ್ತಿದ್ದೆ. ಆಕೆ ಬಟ್ಟಲು ಅದ್ದಿ, ಎತ್ತಿ, ಕಣ್ಣು ಮುಚ್ಚಿ ಗಟಗಟ ಕುಡಿದಳು. ಗಂಟಲು ಮೇಲೆ ಕೆಳಗೆ ಆಡುವುದು ನನಗೆ ಕಾಣಿಸಿತು. ಬಟ್ಟಲು ಬಿಸಾಕಿ, ಸೆರಗು ಸಿಕ್ಕಿಸಿ, ಭಾಗೂಬಾಯಿಯ ಬಾಜೂ ಕೂತಳು.

ಮುಂದಿನದನ್ನು ನಾನು ಪೂರ್ತಿ ನೋಡಲಿಲ್ಲ. ನೋಡಿದಷ್ಟಕ್ಕೇ ಒಂದು ಕಂಬ ಹಿಡಿದುಕೊಂಡಿದ್ದೆ. "ಈಗ", "ನಿಂದ್ರು, ಆಕಿ ತಿಣುಕಲಿ", "ಹಾಂ, ಈಗ ಜಗ್ಗು, ಕೆಳಗ ಜಗ್ಗು" ಎಂದು ಇಬ್ಬರೂ ಒಂದೇ ಮನೆಯ ಅಕ್ಕತಂಗಿಯರ ಹಾಗೆ ಬೈದಾಡುತ್ತ ಜಗ್ಗಿದರು. ಆಮೇಲೆ ಧೊಪ್ಪೆಂದು ಏನೋ ಬಿದ್ದ ಸದ್ದು. ಕಣ್ಣು ಬಿಟ್ಟರೆ ಹುಲ್ಲಿನ ಮೇಲೆ ಒದ್ದೆ ಕರು, ಹಣೆಯ ಮೇಲೆ ತಾಯಿಯದೇ ಬಿಳಿ ಚುಕ್ಕೆ. ಗಂಗಕ್ಕ ಅದರ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದಳು. ಕರು ಸೀನಿತು. ಭಾಗೂಬಾಯಿ ಅದರ ಕಿವಿ ಹಿಡಿದು ಗೊಳೋ ಎಂದು ಅತ್ತಳು. ಒರೆಸಲು ಬಟ್ಟೆ ಬೇಕೆಂದಾಗ ನನ್ನ ಬುಟ್ಟಿಯಿಂದ ಕೈಗೆ ಸಿಕ್ಕದ್ದನ್ನು ಕೊಟ್ಟೆ. ಅದು ಗಂಗಕ್ಕನ ಆಗಷ್ಟೇ ಒಗೆದ ಸೀರೆ.

ಕೈ ತೊಳೆದುಕೊಳ್ಳುವಾಗ ನಾನು ಮೆಲ್ಲಗೆ ಕೇಳಿದೆ. "ಗಂಗಕ್ಕ, ಇಳೀತ?"

ಆಕೆ ಗಂಟಲು ಮುಟ್ಟಿ ನೋಡಿಕೊಂಡಳು. ಅಲ್ಲಿಯವರೆಗೆ ಆಕೆಗೂ ನೆನಪಾಗಿರಲಿಲ್ಲವೆಂದು ಕಾಣುತ್ತದೆ. "ಇಳೀತವಾ" ಎಂದಳು, ಆಶ್ಚರ್ಯದಿಂದ. "ಹುಳಿ ಆಗಿತ್ತು. ಆದ್ರ ಇಳೀತು."

ಮರುದಿನ ಬೆಳಿಗ್ಗೆ ಗಿಣ್ಣದ ಹಂಚಿಕೆ. ಈದ ಎಮ್ಮೆಯ ಮೊದಲ ಹಾಲಿಗೆ ಬೆಲ್ಲ ಹಾಕಿ ಬೇಯಿಸಿದ ಗಿಣ್ಣ ನಿಮಗೂ ಗೊತ್ತು. ಗೌಳಿವಾಡೆಯಲ್ಲಿ ಅದನ್ನು ಮಾರುವುದಿಲ್ಲ, ಒಬ್ಬರೇ ತಿನ್ನುವುದೂ ಇಲ್ಲ. ಕರುವಿಗೆ ಕುಡಿಸಿ ಉಳಿದದ್ದು ಎಷ್ಟೇ ಇರಲಿ, ವಾಡೆಯ ಪ್ರತಿ ಮನೆಗೂ ಹೋಗಬೇಕು. ಯಾವ ಮನೆಗೆ ಹೋಗಲಿಲ್ಲವೋ ಆ ಮನೆ ವಾಡೆಯದಲ್ಲ. ಭಾಗೂಬಾಯಿ ಮುತ್ತುಗದ ಎಲೆಗಳ ಮೇಲೆ ತುಂಡು ತುಂಡು ಇಟ್ಟುಕೊಂಡು ಗುಡಿಸಲಿನಿಂದ ಗುಡಿಸಲಿಗೆ ಹೋಗುವುದನ್ನು ನಾವು ಸಾಲೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಕೊನೆಯ ಗುಡಿಸಲು ಮುಗಿಯಿತು. ಅವಳು ಒಳಗೆ ಹೋದಳು. ನನಗೆ ಎದೆ ಕುಸಿಯಿತು. ಮತ್ತೆ ಹೊರಗೆ ಬಂದಳು, ಕೈಯಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆ. ನೆಟ್ಟಗೆ ನಮ್ಮ ಹೊಸ್ತಿಲಿಗೆ ಬಂದಳು.

"ತಗೋ ಅಕ್ಕಾ. ನಿಮ್ಮ ಮನೀದು."

ಹಿರಿಯಳು ಮೊದಲು. ಗಂಗಕ್ಕ ಒಂದು ತುಂಡು ಮುರಿದು ಬಾಯಿಗಿಟ್ಟಳು. ಭಾಗೂಬಾಯಿ ಅವಳ ಕೈ ನೋಡಲಿಲ್ಲ, ಮುಖವನ್ನೇ ನೋಡುತ್ತ, "ಬೆಲ್ಲ ಕಡಿಮಿ ಆಗೈತೇನ?" ಎಂದು ಕೇಳಿದಳು. ಗಂಗಕ್ಕ ಇಲ್ಲವೆಂದು ತಲೆಯಾಡಿಸಿದಳು. ಇನ್ನೊಂದು ತುಂಡು ಮುರಿದಳು, ಮತ್ತೊಂದು. ಆಕೆ ಎಲ್ಲವನ್ನೂ ಮುಗಿಸಿಬಿಟ್ಟಾಳು ಎಂಬ ಹೆದರಿಕೆ ನನಗೆ ಶುರುವಾಯಿತು. ಆದರೆ ನನ್ನ ಎದೆಯ ಮೇಲಿನ ಕಲ್ಲು ಇಳಿದಿತ್ತು. ಅಷ್ಟು ಹಗುರಾದದ್ದು ಆಮೇಲೆ ನನ್ನ ಮದುವೆಯ ದಿನವೂ ಇಲ್ಲ. ಈ ಮಾತು ನಮ್ಮ ಮನೆಯವರಿಗೆ ಹೇಳಬೇಡಿ.

ಲಾರಿ ಬಂತು, ನಾವು ಹತ್ತಲಿಲ್ಲ. ಎಂಟು ದಿನ ಪೂರ್ತಿ ಇದ್ದೆವು. ಹೊರಡುವ ದಿನ ಹೋದ ವರ್ಷದ ಬಾಕಿ ಸಮೇತ ಪ್ರತಿ ಗುಡಿಸಲಿನವರೂ ಮಜ್ಜಿಗೆ ಹಿಡಿದು ನಿಂತರು. ಯಾರದನ್ನೂ ಬಿಡುವ ಹಾಗಿಲ್ಲ, ಎಮ್ಮೆಗಳ ಪ್ರಶ್ನೆ. ನಾವು ಮೂವರೂ ಕೊಡಗಳಾಗಿ ಲಾರಿ ಹತ್ತಿದೆವು. ಖಾನಾಪುರದವರೆಗೆ ಡ್ರೈವರ್ ಲಾರಿಯನ್ನು ಎಷ್ಟು ಸಲ ನಿಲ್ಲಿಸಬೇಕಾಯಿತೆಂದರೆ ಕೊನೆಕೊನೆಗೆ ಕೇಳದೆ ತಾನೇ ನಿಲ್ಲಿಸುತ್ತಿದ್ದ. ಹೊಸ ಕರು ನಾನು ತಂದ ಅಂಗಿಗಳಲ್ಲಿ ಅತ್ಯಂತ ಚೆಂದದ್ದನ್ನು ತೊಟ್ಟು ಬೀಳ್ಕೊಡಲು ನಿಂತಿತ್ತು.

ಬೆಳಗಾವಿಯಲ್ಲಿ ಬಸ್ಸಿಳಿದಾಗ ಗಂಗಕ್ಕ ಡಬ್ಬಿಯನ್ನು ನನ್ನ ಕಂಕುಳಿಗೆ ಸಿಕ್ಕಿಸಿ, "ನೀ ಇಟಗೋ. ನನಗಿನ್ನ ಬ್ಯಾಡ" ಎಂದಳು. ಆ ಸಂಜೆಯೇ ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ನಮ್ಮವ್ವನಿಗೆ "ಏನ ಮಾಡೀ ಅಡಗಿ?" ಎಂದು ಕೇಳಿದಳು. ಅವ್ವ ಗಾಬರಿಯಾಗಿ ನನ್ನನ್ನು ಒಳಗೆ ಕರೆದು, ಆಕೆಗೆ ಅಡವಿಯಲ್ಲಿ ಏನಾದರೂ ಹೊಡೆದುಕೊಂಡಿದೆಯೇ ಎಂದು ವಿಚಾರಿಸಿದಳು. ಆ ಡಬ್ಬಿ ನನ್ನ ಮದುವೆಯಲ್ಲಿ ನನ್ನ ಜೊತೆಗೇ ಬಂತು. ಟೀವಿಯನ್ನು ಈಗ ಕಪಾಟಿನ ಮೇಲೆ ಇಟ್ಟಿದ್ದೇವೆ, ಎಲ್ಲರೂ ಕತ್ತೆತ್ತಿ ನೋಡುತ್ತೇವೆ.

ಇನ್ನೊಂದನ್ನು ಹೇಳದೆ ಬಿಟ್ಟರೆ ನನಗೇ ಸಮಾಧಾನವಾಗುವುದಿಲ್ಲ. ಅದೇ ವರ್ಷ ಉಗಾದಿ ಆದ ಮೇಲೆ ಭಾಗೂಬಾಯಿ ಕಣ್ಣು ತೋರಿಸಿಕೊಳ್ಳಲು ಬೆಳಗಾವಿಗೆ ಬಂದಳು. ದವಾಖಾನೆ ಮುಗಿಸಿ, ಕೇಳುತ್ತ ಕೇಳುತ್ತ, ಶಿವಬಸವ ನಗರಕ್ಕೆ ನಡೆದು ಬಂದೇಬಿಟ್ಟಳು. ಗಂಗಕ್ಕ ಗೋಡೆಯ ಮೇಲಿಂದಲೇ "ಸರೋಜೀ, ಲಗೂನ ಬಾ" ಎಂದು ಕೂಗಿದ್ದಕ್ಕೆ ನಾನು ಓಡಿದೆ. ಅಲ್ಲಿ ಒಲೆಯ ಮೇಲೆ ಎಣ್ಣೆಗಾಯಿ ಬದನೆಕಾಯಿ ಕುದಿಯುತ್ತಿತ್ತು, ಝುಣಕಾ ಆಗಿತ್ತು, ಬಿಸಿ ರೊಟ್ಟಿ ಉಬ್ಬುತ್ತಿತ್ತು. ಗಂಗಕ್ಕ ತಾಟು ಹಾಕಿ, ಬಡಿಸಲು ಸೌಟು ಎತ್ತಿದಳು.

ಭಾಗೂಬಾಯಿ ತಾಟನ್ನು ಮೆಲ್ಲಗೆ ಆಚೆ ಸರಿಸಿದಳು. ಮಡಿಲಿನಿಂದ ಗಂಟು ತೆಗೆದು ಬಿಚ್ಚಿದಳು. ಒಳಗೆ ಎರಡು ರಾಗಿ ಭಕ್ಕರಿ, ಒಂದು ಉಂಡೆ ಕೆಂಪು ಚಟ್ನಿ. ಗಂಗಕ್ಕನ ದನಿಯನ್ನೇ ಹಿಡಿದು, ಗಂಗಕ್ಕನ ಹಾಗೆಯೇ ಕುತ್ತಿಗೆ ನೆಟ್ಟಗೆ ಮಾಡಿ ಹೇಳಿದಳು.

"ನಮ್ಮದು ನಾವು ತಂದೀವ್ರಿ."

ಸೌಟು ಗಾಳಿಯಲ್ಲೇ ನಿಂತಿತು. ಗಂಗಕ್ಕನ ಮುಖದಿಂದ ನೆತ್ತರು ಇಳಿದದ್ದನ್ನು ನಾನು ಕಂಡೆ. ಕೊಡುವವರ ಕೈ ಹಾಗೆ ನಿಂತುಬಿಟ್ಟರೆ ಹೇಗಿರುತ್ತದೆಂದು ಆಕೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಭಾಗೂಬಾಯಿ ಎಷ್ಟೋ ಹೊತ್ತು ಮುಖ ಬಿಗಿಹಿಡಿದಿದ್ದಳು. ಆಮೇಲೆ ತುಟಿಯ ಮೂಲೆ ಅಲುಗಿತು, ಹೊಟ್ಟೆ ಅಲುಗಿತು, ತೊಡೆ ತಟ್ಟಿಕೊಂಡು ನಗಲಿಕ್ಕೆ ಶುರು ಮಾಡಿದವಳು ಕಣ್ಣಿಗೆ ಹಾಕಿದ ಔಷಧವೆಲ್ಲ ಹರಿದುಹೋಗುವಷ್ಟು ನಕ್ಕಳು.

"ಎಲಾ ಇಕೀನ!" ಎಂದಳು ಗಂಗಕ್ಕ. ಸೌಟು ಇಟ್ಟು ಅವಳ ಎದುರಿಗೆ ಧೊಪ್ಪನೆ ಕೂತಳು. "ತಾ ಇಲ್ಲೆ ಅದನ್ನ. ನಿಂದು ನಾ ಉಣ್ತೀನಿ, ನಂದು ನೀ ಉಣ್ಣು."

ಹಾಗೇ ಉಂಡರು, ಒಬ್ಬರದನ್ನೊಬ್ಬರು. ನಾನೇನು ಮಾಡಿದೆ ಎಂದು ಕೇಳುತ್ತೀರಾ? ನಾನು ಇಬ್ಬರದ್ದೂ ಉಂಡೆ.